ಒಡನೆ ದುಡಿಯುವವರ ಅರಿವಿನ ಕೂಟ



ಒಂದೇ ಸೂರಿನಡಿಯಲ್ಲಿ ಹತ್ತಾರು ವರ್ಷ ಜೊತೆಯಾಗಿ ಕೆಲಸಮಾಡಿದವರು ಒಬ್ಬರ ತಿಳಿವಳಿಕೆಯನ್ನು ಮತ್ತೊಬ್ಬರು ಅರಿಯದೆಯೇ ಬೀಳ್ಕೊಳ್ಳುವುದು ನಮ್ಮ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಸಾಮಾನ್ಯವಾದ ಸಂಗತಿ. ನಿವೃತ್ತರಾಗುವವರಿಗೆ ಹಾರ ಹಾಕುತ್ತೇವೆ, ಫಲತಾಂಬೂಲ ಕೊಡುತ್ತೇವೆ, ಬೀಗದ ಕೈಗಳನ್ನು ಎಣಿಸಿ ಪಡೆಯುತ್ತೇವೆ. ಅವರು ಮೂವತ್ತು ವರ್ಷ ಕೂಡಿಟ್ಟ ಅನುಭವವನ್ನು ಮಾತ್ರ ಯಾರೂ ಕೇಳಿ ಪಡೆಯುವುದಿಲ್ಲ. ಈ ನಷ್ಟವನ್ನು ತಡೆಯತಕ್ಕ ಕೂಟವೊಂದನ್ನು ಕೆಲಸದ ಮನೆಯಲ್ಲಿಯೇ ಕಟ್ಟುವುದು ಹೇಗೆ, ಕಟ್ಟಿದ ಮೇಲೆ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಸಂಜೆ ವಿಚಾರಮಾಡಬೇಕೆಂದಿದ್ದೇವೆ.

ಗದಗಿನಿಂದ ಬಾದಾಮಿಗೆ ರೈಲಿನಲ್ಲಿ ಹೋಗುವವರಿಗೆ ದಾರಿಯಲ್ಲಿ ಹೊಳೆಆಲೂರು ಎಂಬ ನಿಲ್ದಾಣ ಸಿಕ್ಕುತ್ತದೆ. ರೋಣ ತಾಲ್ಲೂಕಿಗೆ ಸೇರಿದ ಈ ಊರು ಮಲಪ್ರಭೆಯ ದಡದಲ್ಲಿದೆ. ಹೆಸರೇ ಅದನ್ನು ಸಾರುತ್ತದೆ. ಆ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾವು ಬಹುಕಾಲ ಉಪಾಧ್ಯಾಯರಾಗಿದ್ದೆವು. ಶಾಲೆಯ ಹೆಸರು ಇಲ್ಲಿ ಬೇಡ.

ಅಲ್ಲಿ ಒಬ್ಬ ವೃದ್ಧ ಜವಾನನಿದ್ದನು. ಮಳೆಗಾಲ ಬಂದಿತೆಂದರೆ ಆತನು ನವಿಲುತೀರ್ಥದ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರೆಂದು ಕೇಳಿ ಸುಮ್ಮನಾಗುತ್ತಿರಲಿಲ್ಲ. ಮೆಣಸಗಿಯ ಬಳಿ ಮಲಪ್ರಭೆಯನ್ನು ಕೂಡುವ ಬೆಣ್ಣೆಹಳ್ಳದ ಸುದ್ದಿಯನ್ನೂ ವಿಚಾರಿಸುತ್ತಿದ್ದನು. ಹುಬ್ಬಳ್ಳಿ ನವಲಗುಂದಗಳ ಕಡೆಯ ಎರೆಯ ನೆಲದ ಮಳೆನೀರು ಆ ಹಳ್ಳದಲ್ಲಿ ಹರಿದು ಅಣೆಕಟ್ಟಿನಿಂದ ಕೆಳಗೆ ಹೊಳೆಯನ್ನು ಸೇರುವುದರಿಂದ ಅಣೆಕಟ್ಟಿನ ಲೆಕ್ಕದಲ್ಲಿ ಅದು ಕಾಣುವುದಿಲ್ಲ. ಎರಡೂ ಒಟ್ಟಿಗೆ ಏರಿದ ದಿನ ಆತನು ದಾಖಲೆಯ ಪೆಟ್ಟಿಗೆಗಳನ್ನು ತಾನಾಗಿಯೇ ಮಹಡಿಗೆ ಸಾಗಿಸುತ್ತಿದ್ದನು. ಅದನ್ನು ಮುದುಕನ ಗಡಿಬಿಡಿಯೆಂದು ನಾವು ನಗುತ್ತಿದ್ದೆವು. 2008ರಲ್ಲಿ ಆತನು ನಿವೃತ್ತನಾದನು.

2009ನೆಯ ಇಸವಿಯ ಸೆಪ್ಟೆಂಬರಿನ ಕೊನೆಯಲ್ಲಿ ಹಿಡಿದ ಮಳೆ ಅಕ್ಟೋಬರಿನ ಮೊದಲಲ್ಲಿ ಉತ್ತರ ಕರ್ನಾಟಕವನ್ನೆಲ್ಲ ನಡುಗಿಸಿತು. ಶಾಲೆಗೆ ದಸರೆಯ ಬಿಡುವು. ಪೆಟ್ಟಿಗೆಗಳು ಕೆಳಗಿನ ಕೋಣೆಯಲ್ಲಿಯೇ ಇದ್ದುವು. ನೀರು ಇಳಿದ ಮೇಲೆ ಬಾಗಿಲು ತೆರೆದು ನೋಡಿದರೆ ಹಳೆಯ ದಾಖಲಾತಿ ಪುಸ್ತಕಗಳು ಕೆಸರಿನ ಮುದ್ದೆಯಾಗಿದ್ದುವು. ಹುಟ್ಟಿದ ದಿನದ ಪ್ರಮಾಣಕ್ಕಾಗಿ ಬಂದ ಹಳೆಯ ವಿದ್ಯಾರ್ಥಿಗಳು ಬರಿಗೈಯಲ್ಲಿ ಹಿಂದಿರುಗುವುದನ್ನು ನಾವು ಅನೇಕ ವರ್ಷ ನೋಡಬೇಕಾಯಿತು. ಆ ಜವಾನನ ಮನೆ ಶಾಲೆಯಿಂದ ಕೂಗಳತೆಯಲ್ಲಿತ್ತು. ಹೋಗಿ ಕೇಳಬೇಕೆಂದು ನಮ್ಮಲ್ಲಿ ಒಬ್ಬರಿಗೂ ತೋರಿರಲಿಲ್ಲ.

ಆ ನಾಚಿಕೆಯಿಂದ ಒಂದು ಕೂಟ ಹುಟ್ಟಿತು. ಮೊದಲ ಸಲ ಅದನ್ನು ಕೆಡಿಸಿದವರೂ ನಾವೇ. ಅಧ್ಯಕ್ಷರು, ಸ್ವಾಗತ, ಉಪನ್ಯಾಸ, ವಂದನಾರ್ಪಣೆ ಎಂದು ವಿಧಿಗಳನ್ನು ಏರ್ಪಡಿಸಿದೆವು. ತಿಳಿದವರು ಮಾತನಾಡಿದರು, ಉಳಿದವರು ಆಕಳಿಸಿದರು. ಮೇಲಿನವರಿಗೆ ಪ್ರತಿ ತಿಂಗಳೂ ವರದಿ ಹೋಗತೊಡಗಿದ ಮೇಲಂತೂ ತಮ್ಮ ತೊಡಕನ್ನು ಬಾಯಿಬಿಟ್ಟು ಹೇಳುವವರೇ ಇಲ್ಲವಾದರು. ನಾಲ್ಕು ತಿಂಗಳಲ್ಲಿ ಕೂಟ ಮುಗಿದುಹೋಯಿತು.

ಎರಡನೆಯ ಸಲ ಉಪನ್ಯಾಸವನ್ನು ಬಿಟ್ಟೆವು. ಶನಿವಾರ ಬೆಳಗಿನ ಪಾಠಗಳು ಮುಗಿದ ಮೇಲೆ ಅರ್ಧ ಗಂಟೆ, ಒಂದು ಲೋಟ ಚಹ, ಒಂದೇ ಪ್ರಶ್ನೆ: ಈ ವಾರ ನಿಮಗೆ ಕೈಕೊಟ್ಟ ಕೆಲಸ ಯಾವುದು? ಮೊದಲು ಕಿರಿಯರು ಹೇಳಬೇಕು, ಹಿರಿಯರು ಕೊನೆಗೆ. ಎರಡು ವಾರ ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಮೂರನೆಯ ವಾರ ಗಣಿತದ ಹಿರಿಯ ಉಪಾಧ್ಯಾಯರೇ, ತಮ್ಮ ಸರದಿ ಬಂದಾಗ, ಋಣಸಂಖ್ಯೆಯನ್ನು ಮಕ್ಕಳಿಗೆ ತಿಳಿಯಹೇಳುವುದು ತಮಗೆ ಇಂದಿಗೂ ಸಾಧ್ಯವಾಗಿಲ್ಲವೆಂದು ಒಪ್ಪಿಕೊಂಡರು. ಕೂಟ ನಿಜವಾಗಿ ಆರಂಭವಾದುದು ಆ ದಿನ. ಹೊಳೆಯ ಸೋಪಾನಗಳಲ್ಲಿ ನೀರಿನ ಮಟ್ಟವನ್ನು ಸೊನ್ನೆಯೆಂದು ಹಿಡಿದು, ಮೇಲಿನ ಮೆಟ್ಟಲುಗಳನ್ನೂ ಮುಳುಗಿದ ಮೆಟ್ಟಲುಗಳನ್ನೂ ಎಣಿಸಿ ತೋರಿಸಬಹುದಲ್ಲವೆ ಎಂದು ಹೊಸದಾಗಿ ಬಂದಿದ್ದ ಚಿತ್ರಕಲೆಯ ಉಪಾಧ್ಯಾಯಿನಿ ಕೇಳಿದರು. ಮತ್ತೊಂದು ಶನಿವಾರ, ಸೋಮವಾರದ ಮೊದಲ ಪಾಠದಲ್ಲಿ ಮಕ್ಕಳು ತೂಕಡಿಸುವರೆಂದು ನಾವು ದೂರಿದಾಗ, ಚಹ ತಂದಿದ್ದ ಅಡಿಗೆಯಾಕೆ, ಭಾನುವಾರ ಶಾಲೆಯ ಊಟವಿಲ್ಲದ ಮಕ್ಕಳು ಸೋಮವಾರ ಹಸಿದು ಬರುವರೆಂದು ಹೇಳಿದಳು. ಮುಂದಿನ ವಾರದಿಂದ ಆಕೆಗೂ ಒಂದು ಕುರ್ಚಿಯನ್ನು ಹಾಕಿದೆವು.

ಇದು ನಮ್ಮ ಹಳ್ಳಿಗಾಡಿಗೆ ಮಾತ್ರ ಸಲ್ಲುವ ಸತ್ಯವಲ್ಲ. ಅಮೆರಿಕದ ಝೆರಾಕ್ಸ್ ಕಂಪೆನಿಯಲ್ಲಿ ಪ್ರತಿ ತೆಗೆಯುವ ಯಂತ್ರಗಳನ್ನು ದುರಸ್ತುಮಾಡುವವರು ತಮ್ಮ ಕಸಬನ್ನು ಹೇಗೆ ಕಲಿಯುವರೆಂಬುದನ್ನು ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರು ಅವರೊಡನೆ ತಿರುಗಾಡಿ ಕಂಡರು. 1996ರಲ್ಲಿ ಆ ವಿಷಯವಾಗಿ ಗ್ರಂಥವನ್ನೂ ಪ್ರಕಟಿಸಿದರು. ಕಂಪೆನಿ ಕೊಟ್ಟ ಕೈಪಿಡಿಗೆ ಸಿಕ್ಕದ ರೋಗಗಳನ್ನು ಅವರು ಉಪಾಹಾರದ ಮೇಜಿನ ಸುತ್ತ ಪರಸ್ಪರ ಹೇಳಿಕೊಳ್ಳುತ್ತಿದ್ದ ಕಥೆಗಳಿಂದ ಪರಿಹರಿಸುತ್ತಿದ್ದರು. ಮುಂದೆ ಕಂಪೆನಿಯು ಇಂತಹ ಉಪಾಯಗಳನ್ನು ಸಂಗ್ರಹಿಸತೊಡಗಿದಾಗ, ಒಡನೆ ದುಡಿಯುವವರೇ ಅವನ್ನು ಪರೀಕ್ಷಿಸುವ ಪದ್ಧತಿಯೂ, ಉಪಾಯದೊಡನೆ ಹೇಳಿದವನ ಹೆಸರನ್ನು ಉಳಿಸುವ ಪದ್ಧತಿಯೂ ಬಂದುವು. ನಾವೂ ಒಂದು ದಪ್ಪ ಪುಸ್ತಕವನ್ನಿಟ್ಟು, ಹೇಳಿದವರು ಯಾರು, ಮಾಡಿ ನೋಡಿದವರು ಯಾರು, ಫಲವೇನಾಯಿತು ಎಂದು ಮೂರು ಸಾಲು ಬರೆಯುತ್ತ ಬಂದೆವು. ಫಲಿಸದಿದ್ದುದನ್ನೂ ಬರೆದೆವು. ಆ ಪುಸ್ತಕವನ್ನು ತನಿಖೆಗೆ ಒಪ್ಪಿಸತಕ್ಕದ್ದಲ್ಲವೆಂದು ಮುಖ್ಯೋಪಾಧ್ಯಾಯರಿಂದ ಮಾತು ಪಡೆದೆವು. ಈ ಮಾತೊಂದು ಇಲ್ಲದಿದ್ದರೆ ಉಳಿದ ನಿಯಮಗಳು ವ್ಯರ್ಥ. ತಪ್ಪನ್ನು ಒಪ್ಪಿದವನಿಗೆ ಶಿಕ್ಷೆಯಾಗುವ ಕಡೆ ಯಾರೂ ಕಲಿಸಲಾರರು, ಯಾರೂ ಕಲಿಯಲಾರರು.

ಇನ್ನು ಉಳಿಸಿಕೊಳ್ಳುವ ಮಾತು. ಕೂಟಗಳು ಬಹುಮಟ್ಟಿಗೆ ಒಬ್ಬ ಉತ್ಸಾಹಿಯ ಹೆಗಲ ಮೇಲೆ ಹುಟ್ಟಿ ಆತನ ವರ್ಗಾವಣೆಯೊಡನೆ ತೀರಿಹೋಗುತ್ತವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ಪಾಠವುಂಟು. ಅಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಕನ್ನಡದಲ್ಲಿ ಶಾಸ್ತ್ರವನ್ನು ಹೇಳಬಹುದೆಂದು ತೋರಿಸಿಕೊಟ್ಟ ಆ ಪತ್ರಿಕೆ ಎರಡು ವರ್ಷ ನಡೆದು ನಿಂತಿತು. ಅದೇ ಕಾಲದಲ್ಲಿ ಅದೇ ಕಾಲೇಜಿನ ಕರ್ನಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಆರಂಭಿಸಿತು, ಮುಂದೆ ಮೈಸೂರು ವಿಶ್ವವಿದ್ಯಾನಿಲಯವು ಅದನ್ನು ವಹಿಸಿಕೊಂಡಿತು. ಎರಡರಲ್ಲಿಯೂ ಶ್ರದ್ಧೆಗೆ ಕೊರತೆಯಿರಲಿಲ್ಲ. ಮೊದಲು ಹೊತ್ತವರ ಕೈಯಿಂದ ಇನ್ನೊಂದು ಕೈಗೆ ಸಾಗಿದುದು ಬಾಳಿತು.

ಆದಕಾರಣ ನಾವು ಕೂಟವನ್ನು ನಡೆಸುವ ಹೊಣೆಯನ್ನು ಮೂರು ತಿಂಗಳಿಗೊಮ್ಮೆ ಬದಲಾಯಿಸಿದೆವು. ಪುಸ್ತಕವನ್ನು ಅವರವರಿಗೆ ಒಪ್ಪಿಸಿದೆವು. ಚೆನ್ನಾಗಿ ನಡೆಸುವವರು ಮೂರು ತಿಂಗಳಿಗೇ ಬಿಟ್ಟುಕೊಡಬೇಕಾದುದು ಕಷ್ಟವೆನಿಸಿತು. ನಡೆಸಲು ಅಂಜುವವರು ಕಲಿತರು. ಪರೀಕ್ಷೆಯ ಕಾಲದಲ್ಲಿ ಕೆಲವು ಶನಿವಾರ ಕೂಟ ಸೇರದಿದ್ದರೂ ಗಾಬರಿಪಡಲಿಲ್ಲ. ಮತ್ತೆ ಸೇರುವ ದಿನವನ್ನು ಮಾತ್ರ ಮೊದಲೇ ಗೊತ್ತುಮಾಡುತ್ತಿದ್ದೆವು.

ಆ ಪುಸ್ತಕದ ಮೊದಲ ಪುಟದಲ್ಲಿ ನಮ್ಮ ಹಳೆಯ ಜವಾನನ ಮಾತುಗಳಿದ್ದುವು. ಆತನನ್ನು ಮನೆಯಿಂದ ಕರೆಸಿ, ಕುಳ್ಳಿರಿಸಿ, ಕೇಳಿ ಬರೆದುಕೊಂಡಿದ್ದೆವು: ಅಣೆಕಟ್ಟಿನ ಸುದ್ದಿಯೊಂದೇ ಸಾಲದು, ಬೆಣ್ಣೆಹಳ್ಳವನ್ನು ಕೇಳಿರಿ, ಎರಡೂ ಏರಿದರೆ ಕತ್ತಲಾಗುವುದನ್ನು ಕಾಯಬೇಡಿರಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಉಕ್ಕಿದಾಗ ಆತನು ತೀರಿಕೊಂಡಿದ್ದನು. ನಮಗೂ ಬೇರೆ ಊರಿಗೆ ವರ್ಗವಾಗಿತ್ತು. ಆತನ ಮುಖವನ್ನೇ ಕಾಣದ ಇಬ್ಬರು ತರುಣ ಉಪಾಧ್ಯಾಯರು ಆ ಪುಟವನ್ನು ಓದಿ, ಹಗಲಿರುವಾಗಲೇ ಪೆಟ್ಟಿಗೆಗಳನ್ನು ಮಹಡಿಗೆ ಹೊತ್ತರೆಂದು ನಮಗೆ ಆಮೇಲೆ ತಿಳಿಯಿತು. ದಾಖಲೆಗಳು ಉಳಿದುವು.

ಈ ಭಾಷಣವನ್ನು ಕೇಳುತ್ತಿರುವವರಲ್ಲಿ ಬಹುಮಂದಿ ಯಾವುದಾದರೂ ಕೆಲಸದ ಮನೆಗೆ ಸೇರಿದವರೇ ಆಗಿರುವಿರಿ. ಈ ವರ್ಷ ನಿಮ್ಮಲ್ಲಿ ನಿವೃತ್ತರಾಗುವವರು ಯಾರೆಂದು ನಾಳೆ ನೋಡಿರಿ. ಹಾರ ತರಿಸುವುದಕ್ಕೆ ಇನ್ನೂ ಕಾಲವಿದೆ. ಅವರ ಎದುರಿಗೆ ಒಂದು ಕುರ್ಚಿಯನ್ನೆಳೆದು ಕುಳಿತು, ತಮಗೆ ಮಾತ್ರ ತಿಳಿದಿರುವುದು ಏನೆಂದು ಕೇಳಿರಿ.