ಕೆಲಸ ಹೋದ ಮೇಲಿನ ಬಂಡವಾಳ
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನೊಬ್ಬನನ್ನು ವೇದಿಕೆಗೆ ಕರೆದು, "ನಾಲ್ಕು ಜನಕ್ಕೆ ಪ್ರಯೋಜನವಾಗುವ ಮಾತು ಹೇಳಿ" ಎಂದು ನಮ್ಮ ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾಡುನುಡಿಯ ವಿಚಾರವನ್ನು ನನಗಿಂತ ಬಲ್ಲವರು ಆಗಲೇ ಹೇಳಿದರು. 1956ರ ನವೆಂಬರ್ 1ರಂದು ನಮ್ಮ ನಾಡೂ ಕೇರಳವೂ ಒಂದೇ ದಿನ ರೂಪುಗೊಂಡವು; ಹೆತ್ತ ನಾಡಿನ ಹಬ್ಬವೂ ಅನ್ನ ಕೊಟ್ಟ ನಾಡಿನ ಹಬ್ಬವೂ ನಮಗೆ ಒಟ್ಟಿಗೇ ಬರುತ್ತವೆ. ನಾನು ಆ ಅನ್ನದ ಮಾತನ್ನೇ ಆರಿಸಿಕೊಂಡಿದ್ದೇನೆ. ನಲವತ್ತು ದಾಟಿದ ಮೇಲೆ ಕೆಲಸ ಕಳೆದುಕೊಂಡವನು ಸ್ವಂತ ವ್ಯಾಪಾರಕ್ಕೆ ಇಳಿಯಬಹುದೇ? ಇಳಿದರೆ ಏನನ್ನು ನಂಬಿ ಇಳಿಯಬೇಕು?

ಇದು ಪುಸ್ತಕದ ಪ್ರಶ್ನೆಯಲ್ಲ. ಕೊಲ್ಲಿ ದೇಶಗಳಿಂದ ಹಿಂದಿರುಗಿದವರು, ಕಂಪನಿ ಬಾಗಿಲು ಹಾಕಿದ್ದರಿಂದ ಮನೆಗೆ ಬಂದವರು ಕೊಚ್ಚಿಯ ಪ್ರತಿ ಬೀದಿಯಲ್ಲೂ ಇದ್ದಾರೆ. ಮಗಳ ಕಾಲೇಜು, ಮನೆಯ ಸಾಲದ ಕಂತು, ಊರಿನಲ್ಲಿ ವಯಸ್ಸಾದ ತಾಯಿ, ಇವು ಯಾವುವೂ ಕೆಲಸ ಹೋಯಿತೆಂದು ನಿಲ್ಲುವುದಿಲ್ಲ. ಇಪ್ಪತ್ತೈದರಲ್ಲಿ ಬಿದ್ದವನಿಗೆ ಏಳುವುದಕ್ಕೆ ಕಾಲವಿದೆ. ನಲವತ್ತೈದರಲ್ಲಿ ಬಿದ್ದವನ ಜೊತೆಗೆ ಮನೆಮಂದಿಯೂ ಬೀಳುತ್ತಾರೆ.

ಇದಕ್ಕೆ ಒಂದು ಉತ್ತರವನ್ನು ತಾವೆಲ್ಲರೂ ಲೋಟದಲ್ಲಿ ಕುಡಿದಿದ್ದೀರಿ. ನಾನು ಹೇಳುತ್ತಿರುವುದು ಇಂಡಿಯನ್ ಕಾಫಿ ಹೌಸಿನ ವಿಚಾರ. ತಲೆಯ ಮೇಲೆ ಬೀಸಣಿಗೆಯಂಥ ಪೇಟ ಧರಿಸಿದ ಮಾಣಿಗಳು ಬಡಿಸುವ ಆ ಜಾಗದಲ್ಲಿ, ಮಸಾಲೆ ದೋಸೆಯೊಳಗೆ ಬೀಟ್‌ರೂಟನ್ನು ಕಂಡು ಹೌಹಾರದ ಕನ್ನಡಿಗನು ಈ ಸಭೆಯಲ್ಲಿ ಇರಲಾರನು. (ಆ ದೋಸೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಕಾಫಿಯ ಮುಖ ನೋಡಿ ಸುಮ್ಮನಿದ್ದೇನೆ.)

ಮೊದಲು ಈ ಕಾಫಿ ಹೌಸುಗಳು ಕಾರ್ಮಿಕರವಾಗಿರಲಿಲ್ಲ. ಕಾಫಿಯ ಬಳಕೆಯನ್ನು ಹೆಚ್ಚಿಸಲೆಂದು 1936ರಲ್ಲಿ ಮುಂಬಯಿಯಲ್ಲಿ ಮೊದಲನೆಯದನ್ನು ತೆರೆದರು. ಮುಂದೆ ಇವೆಲ್ಲ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕಾಫಿ ಬೋರ್ಡಿನ ಅಧೀನಕ್ಕೆ ಬಂದವು. ಕೊಡಗು, ಚಿಕ್ಕಮಗಳೂರುಗಳ ಬೀಜಕ್ಕೆ ಗಿರಾಕಿ ಹುಟ್ಟಿಸಿದ್ದರಲ್ಲಿ ಇವುಗಳ ಪಾಲು ಸಣ್ಣದಲ್ಲ. 1950ರ ದಶಕದ ನಡುವೆ ಬೋರ್ಡು ಇವನ್ನು ಮುಚ್ಚಲು ನಿರ್ಧರಿಸಿತು. ಲೋಟ ತೊಳೆಯುವವನು, ಬಡಿಸುವವನು, ಅಡಿಗೆಯವನು, ಎಲ್ಲರೂ ಬೀದಿಗೆ ಬಂದರು.

ಆಗ ಲೋಕಸಭಾ ಸದಸ್ಯರಾಗಿದ್ದ ಎ. ಕೆ. ಗೋಪಾಲನ್ ಅವರು, "ಮುಚ್ಚಬೇಡಿ ಎಂದು ಕೇಳಿಕೊಂಡರೆ ಸಾಲದು, ನೀವೇ ನಡೆಸಿ" ಎಂಬ ದಾರಿಯನ್ನು ಹಿಡಿಸಿದರು. 1957ರ ಆಗಸ್ಟ್ 19ರಂದು ನಮ್ಮ ಬೆಂಗಳೂರಿನಲ್ಲಿಯೇ ಕಾಫಿ ಕೆಲಸಗಾರರ ಸಹಕಾರ ಸಂಘ ಹುಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಕಾರ್ಮಿಕರದೇ ಆದ ಮೊದಲ ಕಾಫಿ ಹೌಸು ತೆರೆಯಿತು. 1958ರ ಮಾರ್ಚ್ 8ರಂದು ತ್ರಿಶೂರಿನಲ್ಲಿ ಕೇರಳದ್ದು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದ ಕಾಫಿ ಹೌಸು ಐವತ್ತು ವರ್ಷ ನಡೆದು, 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಯಿತು. ತಿರುವನಂತಪುರದ ತಂಪಾನೂರಿನಲ್ಲಿ ಲಾರಿ ಬೇಕರ್ ಅವರು ಕಟ್ಟಿದ ಕೆಂಪು ಇಟ್ಟಿಗೆಯ ಸುರುಳಿ ಕಟ್ಟಡವನ್ನು ರೈಲಿಳಿದವರೆಲ್ಲ ನೋಡಿರುತ್ತಾರೆ. ಬೋರ್ಡು ಬೇಡವೆಂದ ಕೆಲಸವು ಅಲ್ಲಿ ಇಂದೂ ನಡೆಯುತ್ತಿದೆ.

ಲೆಕ್ಕ ಬರೆಯುವವನ ಕಣ್ಣಿನಿಂದ ನೋಡಿದರೆ ಇವರ ಜಮಾ ಕಡೆಯಲ್ಲಿ ಹಣವೆಂಬುದು ಇರಲೇ ಇಲ್ಲ. ಆದರೆ ಯಾವ ಬೀಜ ಎಷ್ಟು ಹುರಿಯಬೇಕು, ಹಾಲು ಎಷ್ಟು ಹೊತ್ತಿಗೆ ಕೆಡುತ್ತದೆ, ಮಧ್ಯಾಹ್ನ ಮೂರಕ್ಕೆ ಯಾವ ಮೇಜಿಗೆ ಯಾರು ಬರುತ್ತಾರೆ, ಇದು ಅವರಿಗೆ ಗೊತ್ತಿತ್ತು. ಕೆಲಸ ಹೋದಾಗ ಸಂಬಳ ಹೋಯಿತು. ಕಸುಬೂ ಗಿರಾಕಿಯೂ ಹೋಗಲಿಲ್ಲ.

ಇದಕ್ಕೆ ತಿರುಗುಮುರುಗಾದುದನ್ನು ನಮ್ಮವರಲ್ಲಿಯೇ ಕಾಣಬಹುದು. 2000-01ರಲ್ಲಿ ಸರ್ಕಾರಿ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆಯನ್ನು ತಂದವು. ಪೂರೈಸಿದ ವರ್ಷವೊಂದಕ್ಕೆ ಅರವತ್ತು ದಿನಗಳ ಸಂಬಳ, ಇಲ್ಲವೇ ಉಳಿದ ಸೇವಾವಧಿಯ ಸಂಬಳ, ಇವೆರಡರಲ್ಲಿ ಕಡಮೆಯಾದುದು. ಲಕ್ಷದಷ್ಟು ಜನ ಹೊರಬಂದರು. ಇದು ನಾನು ಕೆಲಸಕ್ಕೆ ಸೇರುವ ಮುಂಚಿನ ಮಾತು. ಹಿರಿಯರ ಬಾಯಿಂದ ಕೇಳಿದ್ದೇನೆ. ಇಪ್ಪತ್ತು ವರ್ಷ ಸಾಲದ ಅರ್ಜಿಗಳನ್ನು ಅಳೆದವರೊಬ್ಬರು ಕೈಗೆ ಬಂದ ಹಣದಲ್ಲಿ ಬಟ್ಟೆ ಅಂಗಡಿ ಇಟ್ಟರಂತೆ. ಬಟ್ಟೆಯ ಗಂಧವೇ ಅವರಿಗಿರಲಿಲ್ಲ. ಎರಡು ಓಣಂ ಕಳೆಯುವಷ್ಟರಲ್ಲಿ ಅಂಗಡಿ ಎದ್ದುಹೋಯಿತು. ಅದೇ ಮನುಷ್ಯ ಸಣ್ಣ ವ್ಯಾಪಾರಿಗಳಿಗೆ ಲೆಕ್ಕಪತ್ರ ಬರೆದುಕೊಡಲು ಕುಳಿತಿದ್ದರೆ ಒಂದು ಮೇಜು, ಒಂದು ಕುರ್ಚಿ ಸಾಕಾಗುತ್ತಿತ್ತು.

ಕಸುಬೇ ಸತ್ತುಹೋದರೆ ಏನು ಗತಿ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1966ರ ಬೀಡಿ ಕಾರ್ಮಿಕರ ಕಾನೂನನ್ನು ಕೇರಳವು ಜಾರಿಗೆ ತಂದಾಗ, 1968ರಲ್ಲಿ ಮಂಗಳೂರಿನ ದೊಡ್ಡ ಬೀಡಿ ಮಾಲಿಕರು ಕಣ್ಣೂರಿನ ಕಡೆಯ ತಮ್ಮ ಕೆಲಸವನ್ನು ನಿಲ್ಲಿಸಿದರು. ಸುಮಾರು ಹನ್ನೆರಡು ಸಾವಿರ ಜನ ನಿರುದ್ಯೋಗಿಗಳಾದರು. 1969ರ ಫೆಬ್ರವರಿ 15ರಂದು ಅವರ ಸಹಕಾರ ಸಂಘವಾದ ದಿನೇಶ್ ಬೀಡಿ ಆರಂಭವಾಯಿತು. ಮುಂದೆ ಬೀಡಿ ಸೇದುವವರೇ ಕಡಮೆಯಾದಾಗ, ಆ ಸಂಘವು ಸಾಂಬಾರ ಪುಡಿ, ಕೊಡೆ, ಸಿದ್ಧ ಉಡುಪುಗಳಿಗೆ ತಿರುಗಿತು. ಆದರೆ ಹಳೆಯದು ಇನ್ನೂ ಉಸಿರಾಡುತ್ತಿರುವಾಗಲೇ ಹೊಸದನ್ನು ಹಿಡಿದರು ಎಂಬುದನ್ನು ಗಮನಿಸಬೇಕು.

ಒಂಟಿಯಾಗಿ ಅಂಗಡಿ ಇಡುವವನಿಗೆ ಸಂಘದ ಬಲವಿಲ್ಲ. ಅವನ ನಷ್ಟವನ್ನು ಹೆಂಡತಿಯ ಒಡವೆ ಹೊರುತ್ತದೆ. ಆದ್ದರಿಂದ ಗೊತ್ತಿಲ್ಲದ ಕಸುಬಾದರೆ, ಆರು ತಿಂಗಳು ಇನ್ನೊಬ್ಬರ ಗಲ್ಲಾದ ಮುಂದೆ ಸಂಬಳಕ್ಕೆ ನಿಲ್ಲುವುದು ಲೇಸು. ನಿನ್ನೆಯ ಮ್ಯಾನೇಜರು ಇಂದು ಹೀಗೆ ನಿಲ್ಲುವುದೇ ಎಂದು ನೆಂಟರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರು ಕಂತು ಕಟ್ಟುವುದಿಲ್ಲ.

ಇನ್ನು ಸಾಲ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ, ಸಾಮಾನ್ಯ ವರ್ಗದವರು ನಗರದಲ್ಲಿ ಹತ್ತು ಲಕ್ಷದ ಉದ್ಯಮ ಮಾಡುವುದಾದರೆ ಸ್ವಂತದ್ದು ಒಂದು ಲಕ್ಷ, ಸಹಾಯಧನ ಒಂದೂವರೆ ಲಕ್ಷ. ಮಹಿಳೆಯರಿಗೆ ಸ್ವಂತ ಪಾಲು ಇದರರ್ಧ, ಸಹಾಯಧನ ಎರಡೂವರೆ ಲಕ್ಷ; ಮನೆಯಾಕೆಗೆ ಕಸುಬು ಗೊತ್ತಿದ್ದರೆ ಆಕೆಯೇ ಮುಂದೆ ನಿಲ್ಲಲಿ. ಹೊರದೇಶದಲ್ಲಿ ಎರಡು ವರ್ಷ ದುಡಿದು ಬಂದ ಕೇರಳೀಯರಿಗೆ ನೋರ್ಕಾ ಇಲಾಖೆಯ ಯೋಜನೆ ಬೇರೆ ಇದೆ. ಕೌಂಟರಿನಲ್ಲಿ ನಾನು ದಿನವೂ ಕಾಣುವ ತಪ್ಪು ತಿಳಿವಳಿಕೆಯೆಂದರೆ, ಆ ಒಂದೂವರೆ ಲಕ್ಷವು ಕೂಡಲೇ ಕೈಗೆ ಬರುತ್ತದೆಂಬುದು. ಬರುವುದಿಲ್ಲ. ಅದು ಮೂರು ವರ್ಷ ಬ್ಯಾಂಕಿನಲ್ಲಿಯೇ ಠೇವಣಿಯಾಗಿರುತ್ತದೆ. ಅಂಗಡಿ ನಡೆಯುತ್ತಿದೆಯೆಂದು ನೋಡಿಕೊಂಡ ಮೇಲೆಯೇ ಸಾಲಕ್ಕೆ ಜಮೆಯಾಗುತ್ತದೆ. ಆ ಮೂರು ವರ್ಷದ ಬಾಡಿಗೆಯನ್ನೂ ಮನೆಯ ಖರ್ಚನ್ನೂ ಮೊದಲೇ ಒಂದು ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಬ್ಯಾಂಕಿನ ಮೆಟ್ಟಿಲು ಹತ್ತಿ. ಅರ್ಜಿ ತುಂಬುವುದಕ್ಕೆ ನಾನಿದ್ದೇನೆ.