ಹಗೇವು ಮತ್ತು ಸಾಮ್ರಾಜ್ಯ



ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್ ಮತ್ತು ವಿಲ್ಟ್‌ಷೈರ್ ಪ್ರಾಂತಗಳ ಗಡಿಯಲ್ಲಿ ಕ್ರಾನ್‌ಬೋರ್ನ್ ಚೇಸ್ ಎಂಬ ಸೀಮೆಸುಣ್ಣದ ಗುಡ್ಡಸೀಮೆಯಿದೆ. 1880ರಲ್ಲಿ ಅಲ್ಲಿನ ಭಾರಿ ಜಮೀನು ಸೇನಾಧಿಕಾರಿಯೊಬ್ಬರಿಗೆ ವಾರಸಿಕೆಯಾಗಿ ಬಂತು. ಪಿಟ್-ರಿವರ್ಸ್ ಎಂಬ ಹೆಸರೂ ಅವರಿಗೆ ಆ ಆಸ್ತಿಯೊಡನೆಯೇ ಬಂದದ್ದು. 1884-85ರಲ್ಲಿ ಅವರು ಕೂಲಿಯಾಳುಗಳಿಂದ ವುಡ್‌ಕಟ್ಸ್ ಎಂಬ ನೆಲೆಯನ್ನು ಅಗೆಸಿದರು. ದೊರೆತದ್ದು ಅರಮನೆಯಲ್ಲ, ಚಿತ್ತಾರದ ನೆಲಗಟ್ಟಿನ ವಿಲ್ಲಾ ಕೂಡ ಅಲ್ಲ. ಕಬ್ಬಿಣಯುಗದ ಕೊನೆಯಿಂದ ರೋಮನ್ ಆಳ್ವಿಕೆಯ ಉದ್ದಕ್ಕೂ ಜನ ಉತ್ತು ಬಿತ್ತಿ ಬಾಳಿದ ಒಂದು ಹಳ್ಳಿ ಅದು: ಗುಂಡಿಗಳು, ಕಂದಕಗಳು, ಒಡೆದ ಮಡಕೆ, ದನಕುರಿಗಳ ಎಲುಬು, ಮನುಷ್ಯರ ಅಸ್ಥಿಪಂಜರಗಳು.

ಅಪರೂಪದ ವಸ್ತುವಿಗಿಂತ ಸಾಮಾನ್ಯ ವಸ್ತುವೇ ಇತಿಹಾಸಕ್ಕೆ ಮುಖ್ಯ ಎಂಬುದು ಪಿಟ್-ರಿವರ್ಸರ ನಿಲುವು. ಆದ್ದರಿಂದಲೇ ಮಡಕೆಚೂರಿಗೂ ಅವರ ವರದಿಯಲ್ಲಿ ಜಾಗವಿತ್ತು. ವಿಪರ್ಯಾಸವೆಂದರೆ, ವಸ್ತುಗಳೆಲ್ಲ ಮೆಲ್ಲಮೆಲ್ಲಗೆ ವಿಕಾಸಗೊಳ್ಳುವುದನ್ನು ತೋರಿಸಿ, ಕ್ರಾಂತಿಯ ಮಾತಿಗೆ ಜನಸಾಮಾನ್ಯರು ಮರುಳಾಗದಂತೆ ಮಾಡುವುದು ವಸ್ತುಸಂಗ್ರಹಾಲಯದ ಕೆಲಸವೆಂದು ನಂಬಿದ್ದವರೂ ಅವರೇ. ಅವರ ಅಗೆತದ ಶಿಸ್ತನ್ನು ಆದರ್ಶವಾಗಿ ಕಂಡ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದರು.

ಇಂಥ ನೆಲೆಗಳ ಗುಂಡಿಗಳದೇ ಒಂದು ಕಥೆ. ಕಬ್ಬಿಣಯುಗದ ಬ್ರಿಟನ್ನಿನ ರೈತರು ಈ ಗುಂಡಿಗಳಲ್ಲೇ ವಾಸಿಸುತ್ತಿದ್ದರೆಂದು ಬಹುಕಾಲ ಅನೇಕ ವಿದ್ವಾಂಸರು ನಂಬಿದ್ದರು. ಬಡವರು ಬಿಲದಲ್ಲಿ ಬದುಕಿದರೆಂದು ನಂಬುವುದು ಉಳ್ಳವರಿಗೆ ಕಷ್ಟವೇನಲ್ಲ. ಆ ನಂಬಿಕೆಯನ್ನು ಕೆಡವಿದವರು ಒಬ್ಬ ವಲಸಿಗರು. ಫ್ರಾಂಕ್‌ಫರ್ಟಿನಲ್ಲಿ ಪ್ರಾಕ್ತನ ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಗೆರ್ಹಾರ್ಡ್ ಬೆರ್ಸು ಅವರನ್ನು ಯೆಹೂದಿ ಮೂಲದ ಕಾರಣಕ್ಕೆ ನಾಜಿ ಆಡಳಿತ 1935ರಲ್ಲಿ ಹುದ್ದೆಯಿಂದ ತೆಗೆಯಿತು. 1938-39ರಲ್ಲಿ ಅವರು ಸಾಲ್ಸ್‌ಬರಿಯ ಬಳಿಯ ಲಿಟ್ಲ್ ವುಡ್‌ಬರಿಯನ್ನು ಅಗೆದರು. ಕಂಬ ನೆಟ್ಟ ಕುಳಿಗಳ ವರ್ತುಲಗಳನ್ನು ಗುರುತಿಸಿ, ಜನ ವಿಶಾಲವಾದ ದುಂಡುಮನೆಗಳಲ್ಲಿ ಬಾಳಿದ್ದರೆಂದೂ ಗುಂಡಿಗಳು ಧಾನ್ಯದ ಕಣಜಗಳೆಂದೂ ತೋರಿಸಿದರು. ಆ ವರದಿ ಪ್ರಕಟವಾದ 1940ರಲ್ಲೇ ಬ್ರಿಟಿಷ್ ಸರ್ಕಾರ ಅವರನ್ನು ಶತ್ರುದೇಶದವರೆಂದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿತು. ಅಲ್ಲಿಯೂ ಅವರು ಸಹಬಂದಿಗಳ ನೆರವಿನಿಂದ ಅಗೆಯುತ್ತಲೇ ಹೋದರು.

ವಿಜಯಪುರ, ರಾಯಚೂರು ಸೀಮೆಯ ಹಿರಿಯರಾಗಿದ್ದರೆ ಆ ಗುಂಡಿಗಳನ್ನು ಕಂಡೊಡನೆ 'ಹಗೇವು' ಎನ್ನುತ್ತಿದ್ದರು. ಜೋಳ ತುಂಬಿ ಬಾಯಿ ಮುಚ್ಚಿದ ಹಗೇವನ್ನು ತೆರೆದಾಗ ಯಾರೂ ತಟ್ಟನೆ ಇಳಿಯುವುದಿಲ್ಲ. ಮೊದಲು ದೀಪ ಇಳಿಸಿ ನೋಡುತ್ತಾರೆ. ದೀಪ ಆರಿದರೆ ಒಳಗೆ ಉಸಿರಿಲ್ಲ. ಹ್ಯಾಂಪ್‌ಷೈರಿನ ಬಟ್ಸರ್‌ನಲ್ಲಿ 1972ರಿಂದ ಪ್ರಯೋಗ ನಡೆಸಿದ ಪೀಟರ್ ರೆನಾಲ್ಡ್ಸ್ ಕಂಡುಕೊಂಡದ್ದೂ ಇದನ್ನೇ. ಗೋಡೆಗೆ ತಾಗಿದ ಕಾಳು ತೇವಕ್ಕೆ ಮೊಳೆತು ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಉಳಿದ ರಾಶಿ ಹುಳು ಹತ್ತದೆ ಚಳಿಗಾಲ ಕಳೆದು ಬಿತ್ತನೆಗೂ ಒದಗುತ್ತದೆ. ಅಂಚಿನ ಕಾಳು ಸತ್ತು ನಡುವಿನದನ್ನು ಕಾಯುವ ಏರ್ಪಾಡು.

ಕ್ರಿ.ಶ. 43ರಲ್ಲಿ ರೋಮನ್ ಸೈನ್ಯ ಬಂದಿಳಿಯಿತು. ವುಡ್‌ಕಟ್ಸ್‌ನಲ್ಲಿ ಬದುಕು ಒಮ್ಮೆಲೇ ಬದಲಾಗಲಿಲ್ಲ. ಕಾಲಕ್ರಮೇಣ ಹಗೇವುಗಳು ಬಳಕೆ ತಪ್ಪಿದವು; ಕಾಳನ್ನು ಬಿಸಿಗಾಳಿಯಲ್ಲಿ ಒಣಗಿಸುವ ಒಲೆಗಳು ಬಂದವು, ನೂರು ಅಡಿಗೂ ಆಳದ ಬಾವಿಗಳು ಬಂದವು, ನಾಣ್ಯಗಳು ಬಂದವು. ಇದನ್ನು ನಾಗರಿಕತೆಯ ಏಳಿಗೆಯೆಂದು ಬರೆದವರು ಬಹಳ. ಆದರೆ ನೆಲದೊಳಗೆ ಅಡಗಿದ ಕಾಳು ಅಳತೆಗೂ ವಸೂಲಿಗೂ ಸುಲಭವಾಗಿ ಸಿಗುವಂಥದ್ದಲ್ಲ. ರೋಮನ್ ಇತಿಹಾಸಕಾರ ಟ್ಯಾಸಿಟಸ್, ತನ್ನ ಮಾವ ಅಗ್ರಿಕೋಲನ ಚರಿತ್ರೆಯಲ್ಲಿ, ಬ್ರಿಟನ್ನಿನ ರೈತರು ಬೀಗ ಹಾಕಿದ ಕಣಜಗಳ ಮುಂದೆ ಕಾದು ಕುಳಿತು ಧಾನ್ಯ ಕೊಳ್ಳಬೇಕಾಗುತ್ತಿದ್ದುದನ್ನೂ, ಹತ್ತಿರದ ಪಾಳೆಯವನ್ನು ಬಿಟ್ಟು ದೂರದ ದುರ್ಗಮ ಪ್ರದೇಶಗಳಿಗೆ ಧಾನ್ಯ ಸಾಗಿಸಲು ಅವರಿಗೆ ಆಜ್ಞೆಯಾಗುತ್ತಿದ್ದುದನ್ನೂ ದಾಖಲಿಸಿದ್ದಾನೆ. ಆ ಅನ್ಯಾಯಗಳನ್ನು ಮಾವ ಸರಿಪಡಿಸಿದನೆಂದು ಹೊಗಳಲು ಬರೆದದ್ದು ಅದು; ಆದರೂ ಸಾಕ್ಷ್ಯ ಸಾಕ್ಷ್ಯವೇ. ವುಡ್‌ಕಟ್ಸ್‌ನ ರೈತರಿಂದ ಎಷ್ಟು ವಸೂಲಾಯಿತೆಂದು ಹೇಳುವ ಕಡತವೊಂದೂ ಅಲ್ಲಿ ಸಿಕ್ಕಿಲ್ಲ. ಸಿಕ್ಕಿರುವುದು ಕಸ ತುಂಬಿದ ಕಣಜಗಳು, ಅವುಗಳಲ್ಲಿ ಕೆಲವಕ್ಕೆ ಇಳಿಸಿದ ಹೆಣಗಳು.