ಊಟಿ ಸೀಸನ್ನಿಗೆ ಹೋಗುವ ಗೆಳೆಯರಿಗೆ

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಆಡಿದ ಮಾತು)



ಪರೀಕ್ಷೆ ಮುಗಿದ ಮಾರನೇ ದಿನವೇ ನಮ್ಮ ಹಾಸ್ಟೆಲಿನ ಒಲೆ ಆರುತ್ತದೆ. ಟ್ರಂಕು ಹೊತ್ತು ಊರಿಗೆ ಹೋದರೆ ಅಪ್ಪ ದುಡಿಯುವ ಅದೇ ಗೌಡರ ಹೊಲ ನಮಗೂ ಕಾದಿರುತ್ತದೆ. ಅದು ಬೇಡ ಅಂತ ನಮ್ಮ ಹುಡುಗರು ಗುಂಡ್ಲುಪೇಟೆ ದಾಟಿ ಊಟಿ ಬಸ್ಸು ಹತ್ತುತ್ತಾರೆ. ನಾವೂ ಹತ್ತಿದೆವು, ಐದು ಜನ. ಅಲ್ಲಿ ಏನು ಕಂಡೆವು, ಏನು ಕಲಿತೆವು, ಅಷ್ಟನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇವೆ. ಉಪದೇಶ ಅಲ್ಲ, ಪೆಟ್ಟು ತಿಂದವರ ಮಾತು.

ಊಟಿ ಸುಮಾರು 2,240 ಮೀಟರ್ ಎತ್ತರದ ಊರು. ಅಲ್ಲಿನ ಕೆರೆ ತಾನಾಗಿ ಆದದ್ದಲ್ಲ. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಕಟ್ಟಿಸಿದ್ದು. ಕಟ್ಟಿಸಿದವನ ಹೆಸರು ಓದಿದ್ದೇವೆ, ಮಣ್ಣು ಹೊತ್ತವರ ಹೆಸರು ಎಲ್ಲೂ ಓದಿಲ್ಲ. ಬಿಸಿಲು ತಪ್ಪಿಸಿಕೊಳ್ಳಲು ಮೊದಲು ಬಿಳಿ ದೊರೆಗಳು ಹೋದರು, ಆಮೇಲೆ ಅರಸರು ಹೋದರು. ಮೈಸೂರು ಅರಸರಿಗೆ ಅಲ್ಲಿ ಫರ್ನ್‌ಹಿಲ್ಸ್ ಅನ್ನೋ ಅರಮನೆಯೇ ಇತ್ತು. ಈಗ ಕಾರಿನವರು ಹೋಗುತ್ತಾರೆ. ಏಪ್ರಿಲ್, ಮೇ ದೊಡ್ಡ ಸೀಸನ್. ಮೇನಲ್ಲಿ ಬೊಟಾನಿಕಲ್ ಗಾರ್ಡನ್ನಿನ ಹೂವಿನ ಪ್ರದರ್ಶನ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎರಡನೇ ಸೀಸನ್.

ಸೀಸನ್ನಿನಲ್ಲಿ ಕೆಲಸ ಸಿಗೋದು ಕಷ್ಟವಲ್ಲ. ಹೋಟೆಲಿನಲ್ಲಿ ಟೇಬಲ್ ಒರೆಸೋದು, ತಟ್ಟೆ ತೊಳೆಯೋದು, ಲಾಡ್ಜಿನಲ್ಲಿ ಹಾಸಿಗೆ ಬದಲಿಸೋದು, ಹೊಲದಲ್ಲಿ ಕ್ಯಾರೆಟ್ ಕಿತ್ತು ತೊಳೆದು ಮೂಟೆ ಕಟ್ಟೋದು. ಮೊದಲ ದಿನವೇ ನಮ್ಮಲ್ಲಿ ಮೂವರಿಗೆ ಕೆಲಸ ಸಿಕ್ಕಿತು. ಸಿಗದೇ ಹೋದದ್ದು ಮಲಗುವ ಜಾಗ. ಯಾಕೆ? ಕೂಲಿಯವರು ಬೇಕಾಗುವ ಕಾಲ, ಪ್ರವಾಸಿ ಬರುವ ಕಾಲ ಎರಡೂ ಒಂದೇ. ಮಳೆಗಾಲದಲ್ಲಿ ಖಾಲಿ ಬಿದ್ದಿರುವ ಕೋಣೆಯನ್ನೂ ಆಗ ದಿನದ ಲೆಕ್ಕದಲ್ಲಿ ಪ್ರವಾಸಿಗೆ ಕೊಡುತ್ತಾರೆ. ನಮ್ಮ ಕೂಲಿ ಆ ಬಾಡಿಗೆಯ ಹತ್ತಿರವೂ ಸುಳಿಯೋದಿಲ್ಲ.

ಊರಾಚೆ ಒಂದು ಕೋಣೆ ಇದೆ ಅಂತ ಗೊತ್ತಾಗಿ ಹೋದ್ವಿ. ಮನೆಯವರು ಕನ್ನಡದಲ್ಲೇ, "ಮೈಸೂರು ಕಡೆಯವರಾ? ಬನ್ನಿ, ಕೂತ್ಕೊಳಿ" ಅಂದರು. ನಮ್ಮ ಭಾಷೆ ಕೇಳಿ ನಮಗೂ ಸಂತೋಷ. ಬಾಡಿಗೆ ಮಾತಾಯಿತು. ಏಳುವಾಗ ಕೇಳಿದರು: "ಅಂದ ಹಾಗೆ, ನೀವು ಯಾವ ಜನ?" ನಮ್ಮಲ್ಲೊಬ್ಬ ಬೇರೆ ಜಾತಿಯ ಹೆಸರು ಹೇಳಲು ಬಾಯಿ ತೆರೆದ. ಇನ್ನೊಬ್ಬ ಅವನ ಕೈ ಅದುಮಿ ಇದ್ದದ್ದು ಹೇಳಿದ. "ಹೌದಾ... ನಮ್ಮ ಅಳಿಯಂದಿರು ಬರ್ತಾರೆ ಕಣಪ್ಪ, ಕೋಣೆ ನಮಗೇ ಬೇಕಾಗುತ್ತೆ" ಅಂದರು. ಭಾಷೆ ಒಂದೇ ಆಗಿತ್ತು. ಬಾಗಿಲು ಮುಚ್ಚಿತು.

ಆ ರಾತ್ರಿ ಬಸ್ ಸ್ಟಾಂಡಿನಲ್ಲಿ ನಮ್ಮೊಳಗೇ ಜಗಳ. "ಸುಳ್ಳು ಹೇಳಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು? ಎರಡು ತಿಂಗಳು ತಾನೆ?" ಅಂದ ಒಬ್ಬ. ಚಳಿಗೆ ಅವನ ಹಲ್ಲು ಕಟಕಟ ಅಂತಿತ್ತು. ನೀನು ಹೇಳೋದು ತಪ್ಪು ಅಂತ ಸುಲಭವಾಗಿ ಅನ್ನೋಕೆ ನಮಗೆ ಬಾಯಿ ಬರಲಿಲ್ಲ.

ಆಗ ನೆನಪಾದದ್ದು ಬಾಬಾಸಾಹೇಬರ ಬರೋಡ. 1917ನೇ ಇಸವಿ. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಓದಿ ಬಂದವರು. ಸಂಸ್ಥಾನದಲ್ಲಿ ನೌಕರಿ ಇತ್ತು, ತಂಗಲು ಜಾಗ ಇರಲಿಲ್ಲ. ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಉದ್ಯಾನದಲ್ಲಿ ಕೂತು ಹೊತ್ತು ಕಳೆದು ರಾತ್ರಿ ರೈಲಿಗೆ ಮುಂಬಯಿಗೆ ಹೊರಟರು. ಸುಳ್ಳು ಹೆಸರು ಅಂಥವರಿಗೇ ಹನ್ನೊಂದು ದಿನದ ಆಸರೆ. ತಪ್ಪು ಅವರದಲ್ಲ, ಆ ಹೆಸರು ಬರೆಸಿದ ಸಮಾಜದ್ದು. ನಮ್ಮ ಗೆಳೆಯನದೂ ತಪ್ಪಲ್ಲ.

ಕೊನೆಗೆ ಒಂದು ಹೋಟೆಲಿನವರು "ಊಟ, ಜಾಗ ಎರಡೂ ನಮ್ದೇ" ಅಂದರು. ಐದೂ ಜನ ಸೇರಿಕೊಂಡೆವು. ಜಾಗ ಅಂದರೆ ಅಡಿಗೆಮನೆ ಹಿಂದಿನ ಉಗ್ರಾಣ, ಈರುಳ್ಳಿ ಮೂಟೆ ಪಕ್ಕ. ಹಾಸಿಗೆ ಅವರದಾದ ಮೇಲೆ ನಿದ್ದೆಯೂ ಅವರದೇ ಆಯಿತು. ಬೆಳಿಗ್ಗೆ ಐದಕ್ಕೆ ಏಳಿಸುತ್ತಿದ್ದರು, ಮಧ್ಯರಾತ್ರಿ ಬಿಡುತ್ತಿದ್ದರು. ಸಂಬಳ ಕೇಳಿದರೆ "ಗಂಟು ಕಟ್ಟಿ" ಅನ್ನುತ್ತಿದ್ದರು. ಕೂಲಿಯ ಜೊತೆ ಸೂರೂ ಹೋಗುತ್ತಲ್ಲ ಅಂತ ಬಾಯಿ ಮುಚ್ಚಿಕೊಂಡೆವು. ಇದು ನಮ್ಮ ಊರಿನ ಜೀತವೇ, ಸ್ವೆಟರ್ ಹಾಕಿಕೊಂಡಿದೆ ಅಷ್ಟೆ.

ನಮ್ಮ ಜೊತೆ ಪಾತ್ರೆ ತೊಳೆಯುತ್ತಿದ್ದ ಒಬ್ಬ ಅಮ್ಮ ಇದನ್ನೆಲ್ಲ ನೋಡುತ್ತಿದ್ದರು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಸಿಲೋನಿನಿಂದ ಬಂದ ತೋಟದ ಕೂಲಿ ಮನೆತನ ಅವರದು. ಒಂದು ರಾತ್ರಿ ತಮ್ಮ ಲೈನ್ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಯಾರೂ ಯಾವ ಜನ ಅಂತ ಕೇಳಲಿಲ್ಲ. "ಸಾಪ್ಟೀಂಗಳಾ?" ಅಂದರು, ಊಟ ಆಯ್ತಾ ಅಂತ. ಆ ಜಗಲಿಯ ಮೇಲೆ ಮಲಗಿ, ಅಕ್ಕಿಗೆ ನಮ್ಮ ಪಾಲು ಕೊಟ್ಟು ಸೀಸನ್ ಕಳೆದೆವು. ಮಾರನೇ ದಿನ ಹೋಟೆಲಿಗೆ ಹೋಗಿ ಐದೂ ಜನ ಒಟ್ಟಿಗೆ ನಿಂತು ಸಂಬಳ ಕೇಳಿದೆವು. ಪೂರ್ತಿ ಬರಲಿಲ್ಲ, ಆದರೆ ಬಂತು.

ಇದರಿಂದ ಕಲಿತದ್ದು ಇಷ್ಟು. ಒಬ್ಬೊಬ್ಬರೇ ಹೋಗಬೇಡಿ. ಕೆಲಸಕ್ಕಿಂತ ಮೊದಲು ಜಾಗ ಗೊತ್ತುಮಾಡಿ, ಅದೂ ಮಾಲೀಕನ ಸೂರಿನ ಹೊರಗೆ. ಮಾರ್ಕ್ಸ್ ಕಾರ್ಡಿನ ನಕಲು ಕೊಡಿ, ಅಸಲು ಕೊಡಬೇಡಿ. ದುಡಿದ ದಿನ, ಗಂಟೆ ಬರೆದಿಡಿ. ಕಂಬಳಿ ಮರೆಯಬೇಡಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ದಾರಿ ಮುಚ್ಚಿರುತ್ತೆ, ಹಗಲು ಬಸ್ಸನ್ನೇ ಹಿಡಿಯಿರಿ. ಮುಂಗಡ ತೀರುವವರೆಗೆ ಬಿಡಲ್ಲ ಅಂದರೆ ಅದು ಜೀತ, 1976ರ ಕಾಯ್ದೆಯಲ್ಲಿ ಅಪರಾಧ. ಕಂಟ್ರಾಕ್ಟರ್ ಹೊರರಾಜ್ಯಕ್ಕೆ ಕರೆದೊಯ್ದ ಕೂಲಿಗಾರರಿಗೆ ವಸತಿ ಕೊಡಲೇಬೇಕು ಅಂತ 1979ರ ಕಾಯ್ದೆ ಹೇಳಿತ್ತು. ಐದು ಜನ ಇದ್ದರೆ ಸಾಕಿತ್ತು. ಅದರ ಜಾಗಕ್ಕೆ ಬಂದ 2020ರ ಸಂಹಿತೆ ತಾವಾಗಿ ಹೋದವರನ್ನೂ ವಲಸೆ ಕೂಲಿಗಾರರು ಅಂತ ಒಪ್ಪುತ್ತದೆ, ಆದರೆ ಐದನ್ನು ಹತ್ತು ಮಾಡಿದೆ. ಸಣ್ಣ ಹೋಟೆಲಿನಲ್ಲಿ ಹತ್ತು ಜನ ಎಲ್ಲಿಂದ ಬರಬೇಕು? ನಮ್ಮ ಹಾಗೆ ಕಾಯ್ದೆಯೂ ಬಾಗಿಲ ಹೊರಗೇ ನಿಂತಿದೆ.

ಅದಕ್ಕೇ ಎರಡು ಕೆಲಸ ಮಾಡೋಣ. ಪ್ರತಿ ಹಾಸ್ಟೆಲಿನಲ್ಲಿ ಒಂದು ನೋಟ್‌ಬುಕ್ ಇಡೋಣ. ಹೋಗಿ ಬಂದವರು ಬರೆಯಲಿ: ಯಾರು ಕೂಲಿ ಕೊಟ್ಟರು, ಯಾರು ಕೈಯೆತ್ತಿದರು, ಯಾವ ಕೇರಿಯಲ್ಲಿ ನಮ್ಮವರು ಜಾಗ ಕೊಟ್ಟರು. ಎರಡನೆಯದು, ರಜೆಯಲ್ಲಿ ಉಳಿಯಬೇಕು ಅನ್ನುವವರಿಗೆ ಹಾಸ್ಟೆಲಿನ ಒಲೆ ಉರಿಯಬೇಕು ಅಂತ ಒಟ್ಟಾಗಿ ಕೇಳೋಣ. ಊಟಿಗೆ ಹೋಗೋದಾದರೆ ನಮ್ಮ ಇಷ್ಟದಿಂದ ಹೋಗೋಣ, ಬೇರೆ ದಾರಿ ಇಲ್ಲ ಅಂತ ಅಲ್ಲ. ಹೋದ ಕಡೆ ನಮ್ಮ ಹೆಸರನ್ನೇ ಹೇಳೋಣ.

ಜೈ ಭೀಮ್.